ಶಾಜಿಯಾಳ ಕೋರ್ಟು, ಫಾತಿಮಾಳ ಹಾಸಿಗೆ

2026ರ ಜನವರಿ 2ರಂದು ‘ಹಕ್’ ಎಂಬ ಹಿಂದಿ ಚಿತ್ರ ನೆಟ್‌ಫ್ಲಿಕ್ಸ್‌ಗೆ ಬಂತು. ಅದಕ್ಕೆ ಎರಡು ತಿಂಗಳು ಮೊದಲು ಥಿಯೇಟರುಗಳಲ್ಲಿ ತೆರೆ ಕಂಡಾಗ ಅದರ ಸದ್ದು ನಮ್ಮ ಮೊಹಲ್ಲಾಗಳ ತನಕ ಮುಟ್ಟಿರಲಿಲ್ಲ. ಮೊಬೈಲಿಗೆ ಇಳಿದ ಮೇಲೆ ಮುಟ್ಟಿತು. ಹಿಂದೆಯೇ ಎರಡು ಬಗೆಯ ಮಾತುಗಳು ಕೇಳತೊಡಗಿದವು. ‘ನೋಡಿ, ನಿಮ್ಮ ಹೆಂಗಸರ ಪಾಡು ಏನಾಗಿದೆ, ಇನ್ನಾದರೂ ಕಣ್ಣು ತೆರೆಯಿರಿ’ ಎಂಬುದು ಒಂದು. ‘ಇದು ಶರೀಅತ್ತಿನ ವಿರುದ್ಧ ಹೂಡಿದ ಪಿತೂರಿ, ಯಾರೂ ನೋಡಬೇಡಿ, ಮನೆಯ ಹೆಂಗಸರಿಗಂತೂ ತೋರಿಸಲೇಬೇಡಿ’ ಎಂಬುದು ಇನ್ನೊಂದು. ಮೊದಲನೆಯ ಮಾತಾಡಿದವರು ಚಿತ್ರವನ್ನು ಪೂರ್ತಿ ನೋಡಿದಂತೆ ಕಾಣಲಿಲ್ಲ. ಎರಡನೆಯವರಂತೂ ನೋಡುವುದಿಲ್ಲ ಎಂದು ಮೊದಲೇ ಪ್ರತಿಜ್ಞೆ ಮಾಡಿದವರು. ನಾವು ನೋಡಿದ್ದೇವೆ. ನೋಡಿದ ಮೇಲೆ ನಮಗೆ ಈ ಇಬ್ಬರ ಮೇಲೂ ತಕರಾರಿದೆ. ಒಬ್ಬರಿಗೆ ಮುಸ್ಲಿಂ ಹೆಣ್ಣಿನ ದುಃಖ ಬೇಕು, ಹೆಣ್ಣು ಬೇಡ. ಇನ್ನೊಬ್ಬರಿಗೆ ಹೆಣ್ಣು ಬೇಕು, ಅವಳ ದುಃಖ ಬೇಡ.

ಮೊದಲು ಚಿತ್ರಕ್ಕೆ ಸಲ್ಲಬೇಕಾದ ನ್ಯಾಯ ಸಲ್ಲಲಿ. ಸುಪರ್ಣ್ ವರ್ಮಾ ನಿರ್ದೇಶಿಸಿದ ‘ಹಕ್’ ಅನ್ನು ‘ದಿ ಕೇರಳ ಸ್ಟೋರಿ’ಯ ಸಾಲಿನಲ್ಲಿ ಕೂರಿಸುವುದು ಅನ್ಯಾಯ. ಯಾಮಿ ಗೌತಮ್ ಪಾತ್ರ ಶಾಜಿಯಾ ಬಾನು ಕುರ್‌ಆನ್ ಬಲ್ಲವಳು, ಅದರ ಬಲದಿಂದಲೇ ವಾದಕ್ಕೆ ನಿಲ್ಲುವವಳು. ದೀನನ್ನು ಬಿಟ್ಟು ಹೊರಗೆ ಬಾ ಎಂದು ಚಿತ್ರ ಅವಳಿಗೆ ಹೇಳುವುದಿಲ್ಲ. ಇಮ್ರಾನ್ ಹಾಶ್ಮಿ ಮಾಡಿರುವ ಗಂಡ ಅಬ್ಬಾಸ್ ಕೂಡ ಮೀಸೆ ತಿರುವುವ ಖಳನಲ್ಲ. ವಕೀಲ, ಓದಿದವನು, ನಾಲ್ಕು ಜನರಲ್ಲಿ ಮರ್ಯಾದೆ ಉಳ್ಳವನು. ಇಂಥವರು ನಿಕಾಹ್ ಮಜ್ಲಿಸ್‌ಗಳಲ್ಲಿ ಮೊದಲ ಸಾಲಿನಲ್ಲಿ ಕೂರುವುದನ್ನು ನಾವು ನೋಡುತ್ತಲೇ ಬಂದಿದ್ದೇವೆ. ಹಾಗಾಗಿ ಪಿತೂರಿ ಎನ್ನುವವರು ಇನ್ನೊಂದು ಪದ ಹುಡುಕಿಕೊಳ್ಳುವುದು ಒಳ್ಳೆಯದು.

ನಮ್ಮ ತಕರಾರು ಬೇರೆಯೇ ಇದೆ. ಚಿತ್ರಕ್ಕೆ ಪ್ರೇರಣೆಯಾದ ಶಾ ಬಾನು ಬೇಗಂ ಇಂದೋರಿನವರು. 1932ರಲ್ಲಿ ಮದುವೆಯಾಗಿ, ಐದು ಮಕ್ಕಳನ್ನು ಹೆತ್ತು, 43 ವರ್ಷ ಸಂಸಾರ ಮಾಡಿದ ಮೇಲೆ 1975ರಲ್ಲಿ ಗಂಡ ಮೊಹಮ್ಮದ್ ಅಹ್ಮದ್ ಖಾನ್ ಅವರನ್ನು ಮನೆಯಿಂದ ಹೊರಗೆ ಹಾಕಿದರು. 1978ರ ಏಪ್ರಿಲ್‌ನಲ್ಲಿ ಆ ತಾಯಿ ತಿಂಗಳಿಗೆ 500 ರೂಪಾಯಿ ಜೀವನಾಂಶ ಕೇಳಿ ಕೋರ್ಟಿನ ಮೆಟ್ಟಿಲು ಹತ್ತಿದಾಗ ವಯಸ್ಸು 60 ದಾಟಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಗಂಡ ತಲಾಖ್ ಹೇಳಿ ಕೈತೊಳೆದುಕೊಂಡರು. ವರ್ಷಕ್ಕೆ ಸುಮಾರು 60,000 ರೂಪಾಯಿ ವರಮಾನವಿದ್ದ ವಕೀಲನ ಹೆಂಡತಿಗೆ 1979ರಲ್ಲಿ ಮ್ಯಾಜಿಸ್ಟ್ರೇಟರು ಕೊಡಿಸಿದ್ದು ತಿಂಗಳಿಗೆ 25 ರೂಪಾಯಿ! 1980ರಲ್ಲಿ ಹೈಕೋರ್ಟು ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ಈ 179 ರೂಪಾಯಿ 20 ಪೈಸೆಯನ್ನು ಕೊಡಲಾರೆ ಎಂದು ಗಂಡ ಸುಪ್ರೀಂ ಕೋರ್ಟಿಗೆ ಹೋದರು. 1985ರ ಏಪ್ರಿಲ್ 23ರಂದು ಐವರು ನ್ಯಾಯಾಧೀಶರ ಪೀಠ, ಬಕರಾ ಅಧ್ಯಾಯದ ಆಯತುಗಳನ್ನೂ ಎತ್ತಿ ಹೇಳಿ, ಶಾ ಬಾನು ಪರವಾಗಿ ತೀರ್ಪು ಕೊಟ್ಟಿತು.

ಇಲ್ಲಿಯವರೆಗಿನದು ಎಲ್ಲರಿಗೂ ನೆನಪಿದೆ. ಮುಂದಿನದನ್ನು ಮರೆಯುವುದು ಎರಡೂ ಕಡೆಯವರಿಗೆ ಅನುಕೂಲ. ತೀರ್ಪು ಬಂದ ಮೇಲೆ ಊರೂರಿನಲ್ಲಿ ಮೆರವಣಿಗೆಗಳಾದವು. ಶರೀಅತ್ ಅಪಾಯದಲ್ಲಿದೆ ಎಂದು ಒಂದು ಕಡೆಯಿಂದ ಕೂಗು, ಮುಸ್ಲಿಂ ಹೆಣ್ಣನ್ನು ಬಿಡಿಸಬೇಕು ಎಂದು ಇನ್ನೊಂದು ಕಡೆಯಿಂದ ಕೂಗು. ನಡುವೆ ಒಬ್ಬ ಮುದುಕಿ. ಅದೇ ವರ್ಷ ನವೆಂಬರ್‌ನಲ್ಲಿ ಅವರ ಹೆಬ್ಬೆಟ್ಟು ಒತ್ತಿದ ಬಹಿರಂಗ ಪತ್ರವೊಂದು ಹೊರಬಿತ್ತು. ಗೆದ್ದ ತೀರ್ಪನ್ನೇ ಅವರು ಬೇಡ ಎಂದಿದ್ದರು. ಏಳು ವರ್ಷ ಕೋರ್ಟಿಗೆ ಅಲೆದ ಹೆಂಗಸು ಗೆದ್ದ ಏಳು ತಿಂಗಳಿಗೆ ಗೆಲುವನ್ನು ಹಿಂದಕ್ಕೆ ಕೊಟ್ಟರು. 1986ರಲ್ಲಿ ರಾಜೀವ್ ಗಾಂಧಿ ಸರ್ಕಾರ ಕಾನೂನು ತಂದು ತೀರ್ಪನ್ನು ಮೂಲೆಗೆ ಸರಿಸಿತು. 1992ರಲ್ಲಿ ಶಾ ಬಾನು ತೀರಿಕೊಂಡರು. ಅವರ ವಕೀಲರಾಗಿದ್ದ ದಾನಿಯಲ್ ಲತೀಫಿ ಆ ಕಾನೂನನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ 2001ರಲ್ಲಿ ಬಂದ ತೀರ್ಪು, ಇದ್ದತ್ ಅವಧಿಯೊಳಗೆ ಅವಳ ಮುಂದಿನ ಬದುಕಿಗೂ ಸಾಲುವಷ್ಟು ನ್ಯಾಯವಾದ ಏರ್ಪಾಡನ್ನು ಗಂಡ ಮಾಡಬೇಕು ಎಂದಿತು. 2024ರ ಜುಲೈ 10ರ ತೀರ್ಪು ಹಳೆಯ ಕಾನೂನಿನ ದಾರಿಯೂ ತೆರೆದೇ ಇದೆ ಎಂದು ಸ್ಪಷ್ಟ ಮಾಡಿತು. ಇಷ್ಟಾದರೂ ನಮ್ಮ ಎಷ್ಟು ಜಮಾತುಗಳಲ್ಲಿ ಈ ಎರಡು ತೀರ್ಪುಗಳನ್ನು ಓದಿ ಹೇಳಿದ್ದಾರೆ? ಕೇಳಿ ನೋಡಿ.

ಸಿನಿಮಾದ ಎತ್ತರದ ಜಾಗ ಶಾಜಿಯಾ ಕೋರ್ಟಿನಲ್ಲಿ ಆಡುವ ಮಾತು. ಮಾತು ಚೆನ್ನಾಗಿದೆ, ಕಣ್ಣು ಒದ್ದೆಯಾಗುತ್ತದೆ. ಆದರೆ ಕಥೆ ಬರೆಯುವವರಿಗೆ ಆ ಮಾತಿಗಿಂತ ಹೆಬ್ಬೆಟ್ಟು ದೊಡ್ಡದು. ಆ ಶಾಯಿಯ ಡಬ್ಬಿಯನ್ನು ಅವರ ಮುಂದೆ ಇಟ್ಟವರು ಯಾರು? ಮನೆಯ ಅಂಗಳದಲ್ಲಿ ಎಷ್ಟು ಜನ ನಿಂತಿದ್ದರು? ಹೆಬ್ಬೆಟ್ಟು ಒತ್ತಿ ಒಳಗೆ ಹೋದ ಮೇಲೆ ಆ ತಾಯಿ ಊಟ ಮಾಡಿದರೇ? ಈ ಪ್ರಶ್ನೆಗಳ ಸುತ್ತ ಚಿತ್ರ ಮಾಡಬೇಕಾದರೆ ಎರಡು ಕಡೆಯ ಗಂಡಸರನ್ನೂ ಎದುರು ಹಾಕಿಕೊಳ್ಳಬೇಕು. ಕೋರ್ಟಿನ ಭಾಷಣಕ್ಕೆ ಅಷ್ಟು ಧೈರ್ಯ ಬೇಡ. ನೋಡುವವರಲ್ಲಿ ಹೆಚ್ಚಿನವರು ಮೊದಲೇ ಅವಳ ಕಡೆಗಿರುತ್ತಾರೆ, ಅಪರಾಧಿ ಮೊದಲೇ ಗೊತ್ತಿರುತ್ತಾನೆ.

ಚಿತ್ರ ತೆರೆಗೆ ಬರುವ ಮುಂಚೆ ಶಾ ಬಾನು ಅವರ ಮಗಳು ಮಧ್ಯಪ್ರದೇಶ ಹೈಕೋರ್ಟಿನ ಇಂದೋರ್ ಪೀಠಕ್ಕೆ ಹೋಗಿ, ಮನೆಯವರ ಒಪ್ಪಿಗೆಯಿಲ್ಲದೆ ತಾಯಿಯ ಬದುಕನ್ನು ಬಳಸಿಕೊಂಡಿದ್ದಾರೆ, ತಡೆಯಿರಿ ಎಂದು ಬೇಡಿದರು. ಕೋರ್ಟು ಒಪ್ಪಲಿಲ್ಲ. ಕೋರ್ಟು ಸರಿಯಾಗಿಯೇ ಹೇಳಿದೆ ಎಂದು ನಾವು ಭಾವಿಸುತ್ತೇವೆ. ವಾರಸುದಾರರ ಸಹಿ ಪಡೆದೇ ಕಥೆ ಹೇಳಬೇಕು ಎಂದರೆ ನಾಡಿನಲ್ಲಿ ಒಂದು ಕಥೆಯೂ ಉಳಿಯುವುದಿಲ್ಲ. ಆದರೂ ತಾಯಿಯ ಹೆಬ್ಬೆಟ್ಟನ್ನು ಯಾರೋ ತೆಗೆದುಕೊಂಡರು, ಈಗ ಅವರ ಬದುಕನ್ನೂ ಯಾರೋ ತೆಗೆದುಕೊಂಡರು ಎಂದು ಆ ಮನೆಯವರಿಗೆ ಅನ್ನಿಸಿದ್ದರೆ ಅದರಲ್ಲಿ ತಪ್ಪೇನಿದೆ?

ಒಟಿಟಿ ಬಂದಾಗ ನಮ್ಮಂಥವರು ದೊಡ್ಡ ಆಸೆ ಇಟ್ಟುಕೊಂಡಿದ್ದೆವು. ಥಿಯೇಟರಿನ ಮಾಲೀಕನ ಹಂಗಿಲ್ಲ, ಸೆನ್ಸಾರಿನ ಕತ್ತರಿಯಿಲ್ಲ, ಮೊದಲ ವಾರದ ಗಲ್ಲಾಪೆಟ್ಟಿಗೆಯ ಭಯವಿಲ್ಲ. ಇನ್ನು ಸಣ್ಣ ಕಥೆಗಳು ಬರುತ್ತವೆ, ನಮ್ಮ ಮನೆಗಳ ಅಡುಗೆಕೋಣೆ, ನಮ್ಮ ಗ್ಯಾರೇಜು, ನಮ್ಮ ಬೀಡಿ ಕಟ್ಟುವ ಜಗಲಿ ತೆರೆಯ ಮೇಲೆ ಬರುತ್ತವೆ ಎಂದುಕೊಂಡೆವು. 2021ರ ಜನವರಿಯಲ್ಲಿ ‘ತಾಂಡವ್’ ಸರಣಿಯ ಮೇಲೆ ಪೊಲೀಸ್ ದೂರುಗಳು ಬಿದ್ದವು. ತಯಾರಕರು ಕ್ಷಮೆ ಕೇಳಿ ದೃಶ್ಯ ತೆಗೆದರು. ಮರು ತಿಂಗಳೇ ಸರ್ಕಾರದ ಹೊಸ ನಿಯಮಗಳು ಬಂದವು. ಅಲ್ಲಿಂದ ಆಚೆ ಕತ್ತರಿ ಕಂಪೆನಿಯವರ ಮನಸ್ಸಿನೊಳಗೇ ಹೊಕ್ಕಿತು. ಕಾಶ್ಮೀರಿ ಮುಸ್ಲಿಂ ಕುಟುಂಬವೊಂದರ ಮೂರು ತಲೆಮಾರಿನ ಕಥೆ ಹೇಳುವ ‘ತೀಸ್’ ಚಿತ್ರವನ್ನು ದಿಬಾಕರ್ ಬ್ಯಾನರ್ಜಿ ನೆಟ್‌ಫ್ಲಿಕ್ಸಿಗಾಗಿಯೇ ಮಾಡಿ ಮುಗಿಸಿದರು, ಕಂಪೆನಿ ಅದನ್ನು ಬಿಡುಗಡೆ ಮಾಡದೆ ಕೈಬಿಟ್ಟಿತು. ನಯನತಾರಾ ನಟಿಸಿದ ತಮಿಳಿನ ‘ಅನ್ನಪೂರಣಿ’ 2023ರ ಡಿಸೆಂಬರ್ ಕೊನೆಯಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದು, ಎರಡು ವಾರದಲ್ಲಿ ಮಾಯವಾಯಿತು. ಬ್ರಾಹ್ಮಣರ ಹುಡುಗಿ ಬಿರಿಯಾನಿ ಮಾಡುವ ಮೊದಲು ನಮಾಜ್ ಮಾಡಿದಳು, ಮುಸ್ಲಿಂ ಗೆಳೆಯ ರಾಮನ ಊಟದ ಬಗ್ಗೆ ಒಂದು ಮಾತಾಡಿದ. ನಿರ್ಮಾಪಕರೂ ನಾಯಕಿಯೂ ಕ್ಷಮೆ ಕೇಳಬೇಕಾಯಿತು. 2025ರ ಅಕ್ಟೋಬರ್‌ನಲ್ಲಿ ಅದು ಇನ್ನೊಂದು ವೇದಿಕೆಗೆ, ಕತ್ತರಿ ಹಾಕಿಸಿಕೊಂಡು, ಮರಳಿತು.

ಇನ್ನೊಂದು ಕಡೆ ‘ದಿ ಕೇರಳ ಸ್ಟೋರಿ’. ಕೇರಳದ 32,000 ಹೆಣ್ಣುಮಕ್ಕಳು ಮತಾಂತರವಾಗಿ ಭಯೋತ್ಪಾದಕರ ಪಾಲಾದರು ಎಂದು ಟೀಸರ್‌ನಲ್ಲಿ ಸಾರಿದ ಚಿತ್ರ. ಪ್ರಶ್ನೆ ಎದ್ದಾಗ 32,000 ಎಂಬುದು ಮೂವರಾಯಿತು. ಆ ಸಂಖ್ಯೆಗೆ ಅಧಿಕೃತ ಆಧಾರವಿಲ್ಲ ಎಂಬ ಒಕ್ಕಣೆ ಹಾಕುವುದಾಗಿ ನಿರ್ಮಾಪಕರು 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಪ್ಪಿಕೊಂಡರು. 2024ರ ಫೆಬ್ರವರಿಯಲ್ಲಿ ಅದು ಝೀ5ಗೆ ಬಂತು, 2025ರಲ್ಲಿ ಅದರ ನಿರ್ದೇಶಕರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಒಂದು ತಟ್ಟೆ ಬಿರಿಯಾನಿಗೆ ಕ್ಷಮಾಪತ್ರ ಬೇಕಾಯಿತು, ಆಧಾರವಿಲ್ಲದ 32,000 ಹೆಣ್ಣುಮಕ್ಕಳಿಗೆ ಪ್ರಶಸ್ತಿ ಸಿಕ್ಕಿತು. ಈ ಲೆಕ್ಕವನ್ನು ಯಾವ ಶಾಲೆಯಲ್ಲಿ ಹೇಳಿಕೊಡುತ್ತಾರೋ ನಮಗೆ ತಿಳಿಯದು.

ಹಾಗಾದರೆ ನಾವೂ ದೂರು ಕೊಡೋಣ, ನಾವೂ ತೆಗೆಸೋಣ ಎನ್ನುವ ಯುವಕರಿದ್ದಾರೆ. ಅವರಿಗೆ ನಮ್ಮದೇ ರಾಜ್ಯದ ಒಂದು ಉದಾಹರಣೆ ಸಾಕು. 2024ರ ಜೂನ್‌ನಲ್ಲಿ ‘ಹಮಾರೆ ಬಾರಹ್’ ಎಂಬ ಚಿತ್ರ ಬರಲಿದೆ ಎಂದಾಗ ಮುಸ್ಲಿಂ ಸಂಘಟನೆಗಳು ಮನವಿ ಕೊಟ್ಟವು, ಕರ್ನಾಟಕ ಸರ್ಕಾರ ಎರಡು ವಾರ ಬಿಡುಗಡೆ ತಡೆಯಿತು. ಆಮೇಲೆ ಬಾಂಬೆ ಹೈಕೋರ್ಟಿನ ಮುಂದೆ ಕೆಲವು ಬದಲಾವಣೆಗೆ ಒಪ್ಪಿ ಅದೇ ತಿಂಗಳಲ್ಲಿ ಚಿತ್ರ ತೆರೆ ಕಂಡಿತು. ನಮ್ಮ ಹೋಬಳಿಗಳಲ್ಲಿ ಹೆಸರೇ ಕೇಳದ ಚಿತ್ರವೊಂದರ ಹೆಸರನ್ನು ಮನೆಮನೆಗೆ ಮುಟ್ಟಿಸಿದ್ದು ನಮ್ಮ ಮನವಿಪತ್ರಗಳೇ. ಅದನ್ನು ತೆಗೆದವರು ನಮಗೆ ಮಿಠಾಯಿ ಹಂಚಬೇಕಿತ್ತು.

ಮನವಿಪತ್ರ ಬರೆಯುವುದರಲ್ಲಿ ನಮ್ಮವರು ನಿಸ್ಸೀಮರು. ಕಥೆ ಬರೆದವರಿಗೆ ಕೇಳುವ ಮೊದಲ ಪ್ರಶ್ನೆಯೂ ಮನವಿಯ ಧಾಟಿಯದೇ: ‘ಮನೆಯ ಮಾತನ್ನು ಬಯಲಿಗೆ ಯಾಕೆ ತಂದಿರಿ?’ ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಬರೆದ ಕಾಲದಿಂದ ಈ ಪ್ರಶ್ನೆ ಹಾಗೆಯೇ ಉಳಿದಿದೆ. ಹೆಣ್ಣುಮಕ್ಕಳು ಮಸೀದಿಗೆ ಹೋಗಬಹುದು ಎಂದದ್ದಕ್ಕೆ 2000ನೇ ಇಸವಿಯಲ್ಲಿ ಬಾನು ಮುಷ್ತಾಕ್ ಅವರಿಗೆ ನಮ್ಮವರೇ ಬಹಿಷ್ಕಾರ ಹಾಕಿದರು. 2025ರಲ್ಲಿ ಅವರ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಹೂಮಾಲೆ ಹಿಡಿದು ನಿಂತವರಲ್ಲೂ ನಮ್ಮವರಿದ್ದರು. ಅದೇ ವರ್ಷ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆದಾಗ ಮುಸ್ಲಿಂ ಹೆಂಗಸು ಬೇಡ ಎಂದು ಇನ್ನೊಂದು ಕಡೆಯವರು ಸುಪ್ರೀಂ ಕೋರ್ಟಿನವರೆಗೆ ಹೋಗಿ ಸೋತು ಬಂದರು. ಒಬ್ಬಳೇ ಹೆಣ್ಣುಮಗಳು, ಇಪ್ಪತ್ತೈದು ವರ್ಷಗಳ ಅಂತರದಲ್ಲಿ ಎರಡು ಬಾಗಿಲು, ಎರಡರಲ್ಲೂ ಗಂಡಸರು ಅಡ್ಡ ನಿಂತದ್ದು!

ಈಗ ಫಾತಿಮಾಳ ಕಡೆಗೆ ಬರೋಣ. ‘ಫೆಮಿನಿಚಿ ಫಾತಿಮಾ’ ಮಲಯಾಳದ ಚಿತ್ರ. ಫಾಸಿಲ್ ಮುಹಮ್ಮದ್ ಅದರ ನಿರ್ದೇಶಕರು. 2025ರ ಅಕ್ಟೋಬರ್‌ನಲ್ಲಿ ಥಿಯೇಟರಿಗೆ ಬಂದು, ವರ್ಷದ ಕೊನೆಯಲ್ಲಿ ಮನೋರಮಾ ಮ್ಯಾಕ್ಸ್‌ಗೆ ಬಂತು. ಫಾತಿಮಾ ಆಗಿ ನಟಿಸಿದ ಶಂಲಾ ಹಂಸಾ ಅವರಿಗೆ ಕೇರಳ ಸರ್ಕಾರದ ಶ್ರೇಷ್ಠ ನಟಿ ಪ್ರಶಸ್ತಿ ಸಿಕ್ಕಿದೆ. ಫೆಮಿನಿಚಿ ಎಂಬುದು ಹಕ್ಕಿನ ಮಾತಾಡುವ ಹೆಂಗಸರನ್ನು ಆಡಿಕೊಳ್ಳಲು ಅಲ್ಲಿಯ ಗಂಡಸರು ಕಟ್ಟಿದ ಪದ. ಕಥೆ ನಡೆಯುವುದು ಪೊನ್ನಾನಿಯಲ್ಲಿ. ಕಥೆ ಎಂದರೆ ಏನು? ಒಂದು ಹಾಸಿಗೆ.

ಮಗ ರಾತ್ರಿ ಉಚ್ಚೆ ಹೊಯ್ದು ಹಾಳು ಮಾಡಿದ ಹಳೆಯ ಹಾಸಿಗೆ. ಬಿಸಿಲಿಗೆ ಹಾಕಿದರೆ ನಾಯಿ ಬಂದು ಮಲಗುತ್ತದೆ. ಗಂಡ ಮದ್ರಸಾದ ಉಸ್ತಾದ್. ನಾಯಿ ಮಲಗಿದ ಮೇಲೆ ಅದು ನಜಸ್, ಮನೆಯೊಳಗೆ ಬರಕೂಡದು. (ಶಾಫಿಗಳಲ್ಲಿ ನಾಯಿಯ ನಜಸನ್ನು ಏಳು ಸಲ, ಅದರಲ್ಲಿ ಒಂದು ಸಲ ಮಣ್ಣು ಬೆರೆಸಿ ತೊಳೆಯಬೇಕು. ನಮ್ಮ ಬಯಲುಸೀಮೆಯ ಹನಫಿಗಳಿಗೆ ಇಷ್ಟು ಬಿಗಿಯಿಲ್ಲ. ಆದರೆ ಅಷ್ಟು ದೊಡ್ಡ ಹಾಸಿಗೆಯನ್ನು ಏಳು ಸಲ ತೊಳೆಯಬೇಕಾದವಳು ಯಾರು ಎಂಬುದರಲ್ಲಿ ಎರಡು ಮಝಹಬ್‌ಗಳ ನಡುವೆ ಭಿನ್ನಾಭಿಪ್ರಾಯವಿಲ್ಲ.) ಫಾತಿಮಾಗೆ ನೆಲದ ಮೇಲೆ ಮಲಗಿ ಬೆನ್ನು ನೋವು. ಅವಳಿಗೊಂದು ಹಾಸಿಗೆ ಬೇಕು. ಅದನ್ನು ಪಡೆಯುವ ದಾರಿಗಳು ಒಂದೊಂದಾಗಿ ಮುಚ್ಚುತ್ತ ಹೋಗುತ್ತವೆ. ಅವಳು ಇನ್ನೊಂದು ದಾರಿ ಹುಡುಕುತ್ತಾಳೆ. ಚಿತ್ರ ಇಷ್ಟೇ, ಮತ್ತು ನೋಡುವಾಗ ನಾವು ಬಿದ್ದು ಬಿದ್ದು ನಕ್ಕಿದ್ದೇವೆ.

ನಗುವಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಒಟಿಟಿಯ ಹಿಂದಿ ಚಿತ್ರಗಳಲ್ಲಿ ಮುಸ್ಲಿಂ ಹೆಂಗಸರು ನಗುವುದು ಅಪರೂಪ. ಅವರು ಕಿಟಕಿಯ ಜಾಲರಿಯ ಹಿಂದೆ ನಿಂತು ಲಖನೌದ ಉರ್ದುವಿನಲ್ಲಿ ನಿಟ್ಟುಸಿರು ಬಿಡುತ್ತಾರೆ. ನಮ್ಮ ಖಾಲಾ-ಫೂಫಿಯರನ್ನು ನೋಡಿದವರಿಗೆ ಗೊತ್ತು, ಮದುವೆಮನೆಯ ಹಿಂದಿನ ಕೋಣೆಯಲ್ಲಿ ಹೆಂಗಸರು ಗಂಡಂದಿರ ಬಗ್ಗೆ ದಖ್ಖನಿಯಲ್ಲಿ ಆಡುವ ಮಾತು ಹೊರಗೆ ಕೂತ ಗಂಡಸರಿಗೆ ಕೇಳಿಸಿದರೆ ಅರ್ಧ ಜನ ವಲೀಮಾ ಊಟಕ್ಕೆ ಬರುತ್ತಿರಲಿಲ್ಲ. ಫಾತಿಮಾಳ ಚಿತ್ರದಲ್ಲಿ ಆ ನಗುವಿದೆ. ಅವಳ ಬಂಡಾಯಕ್ಕೆ ಮೈಕಿಲ್ಲ. ಗಂಡನನ್ನು ಚಿತ್ರ ರಾಕ್ಷಸ ಮಾಡಿಲ್ಲ, ಸೋಮಾರಿ ಮಾಡಿದೆ. ಅದೇ ಹೆಚ್ಚು ನಾಟುತ್ತದೆ. ರಾಕ್ಷಸನನ್ನು ನೋಡಿದ ಗಂಡಸು ‘ನಾನು ಹೀಗಿಲ್ಲ’ ಎಂದು ಎದ್ದು ಹೋಗುತ್ತಾನೆ. ಸೋಮಾರಿಯನ್ನು ನೋಡಿದವನು ಸ್ವಲ್ಪ ಹೊತ್ತು ಕೂತಿರುತ್ತಾನೆ.

ಮುಂಬೈ ಬೈಕುಲಾದ ಮುಸ್ಲಿಂ ಮನೆಯ ಕಥೆ ಹೇಳಿದ ‘ಡಾರ್ಲಿಂಗ್ಸ್’ (2022) ಕೂಡ ಇಂಥದ್ದೇ ಒಂದು ಜಾಣತನ ತೋರಿತ್ತು. ಹೆಂಡತಿಗೆ ಹೊಡೆಯುವ ಹಮ್ಜಾ ಅಲ್ಲಿ ಕುಡುಕ, ರೈಲ್ವೆಯಲ್ಲಿ ಮೇಲಧಿಕಾರಿಯಿಂದ ಅವಮಾನ ಉಂಡು ಅದನ್ನು ಮನೆಗೆ ತರುವವನು. ಹೊಡೆತಕ್ಕೆ ಚಿತ್ರ ಧರ್ಮದ ಲೇಬಲ್ಲು ಹಚ್ಚಲಿಲ್ಲ. ನೀರಜ್ ಘಯ್ವಾನ್ ಅವರ ‘ಹೋಮ್‌ಬೌಂಡ್’ 2025ರ ನವೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ಪೊಲೀಸ್ ಕೆಲಸದ ಕನಸು ಕಂಡ ಶೋಯೆಬ್ ಮತ್ತು ದಲಿತ ಗೆಳೆಯ ಚಂದನ್, 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಮರಳುವ ದಾರಿ. ಕ್ರಿಕೆಟ್ ಮ್ಯಾಚಿನ ರಾತ್ರಿ ಕಚೇರಿಯವರ ಮೋಜಿನ ನಡುವೆ ಶೋಯೆಬ್‌ಗೆ ಬೀಳುವ ಮಾತುಗಳನ್ನು ನಮ್ಮ ಹುಡುಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಚಿತ್ರವನ್ನು ಹೊಗಳುವ ಭರದಲ್ಲಿ ನಮ್ಮವರು ಒಂದನ್ನು ನುಂಗಿಬಿಟ್ಟರು. ಚಂದನ್ ತನ್ನ ಜಾತಿಯ ಹೆಸರು ಹೇಳಲು ಹಿಂಜರಿಯುವ ದೃಶ್ಯಗಳಿಗೂ ನಮ್ಮ ಮೊಹಲ್ಲಾಗಳಲ್ಲಿ ಪಿಂಜಾರ, ನದಾಫ, ಕಸಾಯಿ ಮನೆಗಳಿಗೆ ಹೆಣ್ಣು ಕೊಡಲು ಹಿಂಜರಿಯುವುದಕ್ಕೂ ನಂಟಿದೆ. ಅದರ ಬಗ್ಗೆ ಇನ್ನೊಮ್ಮೆ ವಿವರವಾಗಿ ಬರೆಯಬೇಕು.

ಕನ್ನಡದಲ್ಲಿ ಏನಿದೆ? ಬಹಳ ವರ್ಷ ನಮ್ಮ ಸಿನಿಮಾದ ಸಾಬಿ ‘ನಮ್ದೂಕೆ ನಿಮ್ದೂಕೆ’ ಎನ್ನುತ್ತಾ ಗುಜರಿ ಗಾಡಿ ತಳ್ಳಿದ, ಇಲ್ಲವೇ ನಾಯಕನಿಗಾಗಿ ಪ್ರಾಣ ಕೊಟ್ಟ. ಗಿರೀಶ್ ಕಾಸರವಳ್ಳಿಯವರು ಬಾನು ಅವರ ‘ಕರಿನಾಗರಗಳು’ ಕಥೆಯಿಂದ ‘ಹಸೀನಾ’ (2004) ಮಾಡಿದರು, ವೈದೇಹಿಯವರ ಕಥೆಯಿಂದ ‘ಗುಲಾಬಿ ಟಾಕೀಸ್’ (2008) ಮಾಡಿದರು. ಎರಡರ ನಾಯಕಿಯರಿಗೂ, ತಾರಾ ಮತ್ತು ಉಮಾಶ್ರೀ ಅವರಿಗೆ, ರಾಷ್ಟ್ರಪ್ರಶಸ್ತಿ ಬಂತು. ಹಸೀನಾ ಮಕ್ಕಳನ್ನು ಕಟ್ಟಿಕೊಂಡು ನ್ಯಾಯ ಕೇಳುತ್ತಾ ಕೂರುವುದು ಮಸೀದಿಯ ಮುಂದೆ. ಅವಳ ಪ್ರಶ್ನೆ ದೇಶಕ್ಕಲ್ಲ, ಮುತವಲ್ಲಿಗೆ. ‘ಹಕ್’ ಕೋರ್ಟಿಗೆ ಒಯ್ದ ಪ್ರಶ್ನೆಯನ್ನು ಇಪ್ಪತ್ತು ವರ್ಷಗಳ ಮುಂಚೆಯೇ ಕನ್ನಡ, ಕೇಳಬೇಕಾದ ಜಾಗದಲ್ಲಿಯೇ ಕೇಳಿತ್ತು. 2023ರಲ್ಲಿ ಶಶಾಂಕ್ ಸೋಗಾಲ್ ಅವರ ‘ಡೇರ್‌ಡೆವಿಲ್ ಮುಸ್ತಾಫಾ’ ಬಂತು. ತೇಜಸ್ವಿಯವರ ಓದುಗರು ಸೇರಿ ದುಡ್ಡು ಹಾಕಿ ಮಾಡಿದ ಚಿತ್ರ. ಅಬಚೂರಿನ ಕಾಲೇಜಿಗೆ ಬಂದ ಒಬ್ಬನೇ ಮುಸ್ಲಿಂ ಹುಡುಗನನ್ನು ಕಂಡು ಉಳಿದವರಿಗೆ ಹುಟ್ಟುವ ಭಯ, ಆ ಭಯ ಕರಗುವ ಬಗೆ. ಚಿತ್ರ ನಮಗೆ ಬಹಳ ಇಷ್ಟ. ಆದರೆ ಕಣ್ಣು ಆ ಹುಡುಗರದು, ಮುಸ್ತಾಫಾನದಲ್ಲ. ತೇಜಸ್ವಿ ತಮಗೆ ಗೊತ್ತಿದ್ದ ಕಡೆಯಿಂದ ಪ್ರಾಮಾಣಿಕವಾಗಿ ಬರೆದರು. ಮುಸ್ತಾಫಾ ಸಂಜೆ ಮನೆಗೆ ಹೋಗಿ ತಾಯಿಗೆ ಏನು ಹೇಳಿದ ಎಂಬುದನ್ನು ಬರೆಯಬೇಕಾದವರು ನಾವು.

ಮಾಡಿದರೆ ಕೊಳ್ಳುವವರು ಯಾರು ಎಂಬ ಪ್ರಶ್ನೆ ಬರುತ್ತದೆ, ಸಹಜ. ಕನ್ನಡವೆಂದರೆ ದೊಡ್ಡ ಒಟಿಟಿಗಳಿಗೆ ತಾತ್ಸಾರ. ರಕ್ಷಿತ್ ಶೆಟ್ಟಿಯಂಥ ಹೆಸರು ಮಾಡಿದ ನಟನೇ ‘ಏಕಂ’ ಸರಣಿಗೆ ವೇದಿಕೆ ಸಿಗದೆ 2024ರಲ್ಲಿ ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ಹೀಗಿರುವಾಗ ಕನ್ನಡದ ಮುಸ್ಲಿಂ ಮನೆಯ ಕಥೆಗೆ ಮುಂಬೈಯ ಕಂಪೆನಿ ದುಡ್ಡು ಹಾಕುತ್ತದೆ ಎಂದು ಕಾದು ಕೂರುವುದು ಮರುಳುತನ.

ಮಲಯಾಳದವರು ಕಾಯಲಿಲ್ಲ. 2020ರಲ್ಲಿ ಪ್ರೈಮ್‌ನಲ್ಲಿ ಬಂದ ಝಕರಿಯಾ ಅವರ ‘ಹಲಾಲ್ ಲವ್ ಸ್ಟೋರಿ’ ನೋಡಿ. ಧಾರ್ಮಿಕ ಸಂಘಟನೆಯೊಂದರ ಗೆಳೆಯರು ಹಲಾಲಾದ ಒಂದು ಟೆಲಿಫಿಲ್ಮ್ ಮಾಡಹೊರಡುತ್ತಾರೆ. ಗಂಡ-ಹೆಂಡತಿ ಪಾತ್ರಕ್ಕೆ ನಿಜವಾದ ಗಂಡ-ಹೆಂಡತಿಯೇ ಬೇಕು, ಇಲ್ಲದಿದ್ದರೆ ಹರಾಂ! ಹುಡುಕಿ ತಂದ ಹೆಂಡತಿ ಸುಹ್ರಾ ಗಂಡನಿಗಿಂತ ಚೆನ್ನಾಗಿ ನಟಿಸುತ್ತಾಳೆ. ಅಷ್ಟೇ ಅಲ್ಲ, ಅಭಿನಯದ ನೆಪದಲ್ಲಿ ನಿಜವಾದ ಪ್ರಶ್ನೆಗಳನ್ನು ಕೇಳತೊಡಗುತ್ತಾಳೆ. ಸಂಘಟನೆಯನ್ನು ಆ ಚಿತ್ರ ಗೇಲಿ ಮಾಡುತ್ತದೆ, ಪ್ರೀತಿಯಿಂದ. ಹೊರಗಿನವರಿಗೆ ಅಷ್ಟು ಹತ್ತಿರದಿಂದ ಗೇಲಿ ಮಾಡಲು ಬರುವುದಿಲ್ಲ.

ನಮ್ಮಲ್ಲಿ ದುಡ್ಡಿಲ್ಲವೇ? ಜುಬೈಲ್, ದುಬೈಗಳಲ್ಲಿ ದುಡಿದವರ ಹಣದಲ್ಲಿ ಕರಾವಳಿಯಿಂದ ಕಲಬುರಗಿಯವರೆಗೆ ಶಾದಿ ಮಹಲುಗಳು ಎದ್ದಿವೆ. ಒಂದು ಮದುವೆಯ ದೀಪಾಲಂಕಾರದ ಖರ್ಚಿನಲ್ಲಿ ಅರ್ಧ ಗಂಟೆಯ ಚಿತ್ರವೊಂದನ್ನು ತೆಗೆಯಬಹುದು. ದಖ್ಖನಿ, ಬ್ಯಾರಿ, ನವಾಯತಿ, ಕನ್ನಡ, ಯಾವುದು ಬೇಕೋ ಅದರಲ್ಲಿ ತೆಗೆಯಿರಿ. ಕಥೆಗಳಿಗೆ ಬರವಿಲ್ಲ: ಬೊಳುವಾರು, ಕಟ್ಪಾಡಿ, ಸಾರಾ, ಬಾನು ಬರೆದಿಟ್ಟದ್ದು ಒಂದು ರಾಶಿಯಿದೆ. ಹಲಾಲೋ ಹರಾಮೋ ಎಂಬ ಚರ್ಚೆ ನಡೆಯಲಿ, ಆ ಚರ್ಚೆಯನ್ನೇ ಚಿತ್ರ ಮಾಡಬಹುದು ಎಂದು ಝಕರಿಯಾ ತೋರಿಸಿದ್ದಾರಲ್ಲ.

ಈ ಬರಹವನ್ನು ಒಪ್ಪದವರು ಬಹಳ ಮಂದಿ ಇರುತ್ತಾರೆಂದು ಬಲ್ಲೆವು. ಸಂಪಾದಕರಿಗೆ ಪತ್ರ ಬರೆಯಲಿ. ನಮ್ಮದು ಒಂದೇ ಕೋರಿಕೆ: ಬರೆಯುವ ಮುಂಚೆ ‘ಹಕ್’ ಅನ್ನೂ ‘ಫೆಮಿನಿಚಿ ಫಾತಿಮಾ’ವನ್ನೂ ನೋಡಿರಬೇಕು. ನೋಡುವಾಗ ಅಡುಗೆಮನೆಯಲ್ಲಿರುವವರನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವರು ಎಲ್ಲೆಲ್ಲಿ ನಕ್ಕರು ಎಂಬುದನ್ನೂ ಪತ್ರದಲ್ಲಿ ಸೇರಿಸಿ.